ಮಗ್ಗಲ ಮನೆಯ ಫೋನಿಗೆ ಬಂದ ಆ್ಯಪ್

(ಹಾವೇರಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)

2020ರ ಮುಂಗಾರಿನಲ್ಲಿ ಕರ್ನಾಟಕ ಸರ್ಕಾರ ಬೆಳೆ ಸಮೀಕ್ಷೆಯ ಕೆಲಸವನ್ನು ರೈತರ ಕೈಗೇ ಕೊಟ್ಟಿತು. ಆ ವರ್ಷದ ಆಗಸ್ಟ್‌ನಲ್ಲಿ ಬಂದ ಆ್ಯಪ್‌ನಲ್ಲಿ ರೈತ ತನ್ನ ಹೊಲದಲ್ಲಿ ನಿಂತು, ಸರ್ವೆ ನಂಬರು ಮತ್ತು ಹಿಸ್ಸಾ ಆರಿಸಿ, ಬೆಳೆಯ ಹೆಸರು ನಮೂದಿಸಿ, ಫೋಟೊ ತೆಗೆದು ಕಳಿಸಬಹುದಾಯಿತು. ಹಾವೇರಿ ಸುತ್ತಿನ ಗೋವಿನಜೋಳ, ರಾಣೆಬೆನ್ನೂರಿನ ಹತ್ತಿ, ಬ್ಯಾಡಗಿಯ ಮೆಣಸಿನಕಾಯಿ ಎಲ್ಲವೂ ಹೀಗೆ ಫೋನಿನ ಮೂಲಕ ಸರ್ಕಾರದ ಕಡತ ಸೇರತೊಡಗಿದವು. ಬೆಳೆ ವಿಮೆ, ಬೆಂಬಲ ಬೆಲೆಯ ಖರೀದಿ, ಬೆಳೆ ಹಾನಿ ಪರಿಹಾರ, ಈ ಮೂರಕ್ಕೂ ಅದೇ ಮಾಹಿತಿ ಆಧಾರ. ಹೊಲದಲ್ಲಿ ಮೆಣಸಿನ ಗಿಡವಿದ್ದು ದಾಖಲೆಯಲ್ಲಿ ಗೋವಿನಜೋಳ ಎಂದಿದ್ದರೆ ಕಷ್ಟ ಯಾರಿಗೆ ಎಂದು ಈ ಜಿಲ್ಲೆಯ ರೈತರಿಗೆ ಹೇಳಿಕೊಡಬೇಕಿಲ್ಲ.

ಇಂಥದ್ದೊಂದು ಆ್ಯಪ್ ಕೆಲಸ ಮಾಡಲು ಫೋನಿನಲ್ಲಿ ಏನೇನಿರಬೇಕು? ಹಿಂಬದಿಯ ಕ್ಯಾಮೆರಾ ಬೇಕು. ನಿಂತ ಜಾಗ ಯಾವುದೆಂದು ಉಪಗ್ರಹಗಳಿಂದ ತಿಳಿಯುವ ಜಿಪಿಎಸ್ ಬೇಕು. ಕಳಿಸಲು ನೆಟ್‌ವರ್ಕ್ ಬೇಕು, ಆದರೆ ಹೊಲದಲ್ಲೇ ಬೇಕೆಂದಿಲ್ಲ. ಪಟ್ಟಿ ಚಿಕ್ಕದು. ಈ ಉಪನ್ಯಾಸದ ವಿಷಯವೆಲ್ಲ ಆ ಪಟ್ಟಿಯೊಳಗೇ ಇದೆ: ಅದರಲ್ಲಿ ಯಾವುದು ಇಲ್ಲದಿದ್ದರೆ ಆ್ಯಪ್ ನಿಂತೇಹೋಗುತ್ತದೆ, ಯಾವುದು ಇಲ್ಲದಿದ್ದರೂ ಬೇರೆ ದಾರಿಯಲ್ಲಿ ಕೆಲಸ ಸಾಗುತ್ತದೆ, ಇದನ್ನು ಯಾರು, ಯಾವಾಗ, ಹೇಗೆ ತೀರ್ಮಾನಿಸುತ್ತಾರೆ? ಚಕ್ಕಡಿಗೆ ಗಾಲಿ ಇಲ್ಲದೆ ನಡೆಯದು, ಎತ್ತಿನ ಕೊರಳಿಗೆ ಗಂಟೆ ಇಲ್ಲದಿದ್ದರೂ ನಡೆಯುತ್ತದೆ. ಆ್ಯಪ್ ಬರೆಯುವವರು ಎಷ್ಟೋ ಸಲ ಗಂಟೆಯನ್ನೂ ಗಾಲಿಯ ಸಾಲಿಗೇ ಸೇರಿಸಿಬಿಡುತ್ತಾರೆ, ಅದೂ ತಮಗೇ ಗೊತ್ತಿಲ್ಲದಂತೆ.

ರಾಣೆಬೆನ್ನೂರಿನಂಥ ಊರಿನ ಮೊಬೈಲ್ ಅಂಗಡಿಯಲ್ಲಿ ಇದು ಬಹಳ ಸರಳ ಮಾತಿನಲ್ಲಿ ಹೊರಬರುತ್ತದೆ.

“ತಮ್ಮಾ, ಮಗ್ಗಲ ಮನಿಯವ್ರ ಫೋನಿನ್ಯಾಗ ಈ ಆ್ಯಪ್ ಬಂದೈತಿ. ನನ್ನ ಫೋನಿನ್ಯಾಗ ಎಷ್ಟ್ ಹುಡುಕಿದ್ರೂ ಸಿಗವಲ್ದು.”

“ಕಾಕಾ, ನಿಮ್ಮ ಫೋನಿಗೆ ಅದು ಸಪೋರ್ಟ್ ಇಲ್ರೀ.”

ಮಾತು ಅಲ್ಲಿಗೆ ಮುಗಿಯುತ್ತದೆ. ಯಾಕೆ ಇಲ್ಲ ಎಂದು ಕಾಕಾನಿಗೂ ಗೊತ್ತಾಗುವುದಿಲ್ಲ, ಅಂಗಡಿಯ ಹುಡುಗನಿಗೂ ಗೊತ್ತಾಗುವುದಿಲ್ಲ. ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಕುಳಿತು ಆ್ಯಪ್ ಬರೆದವನಿಗಂತೂ ಹೀಗೊಬ್ಬರು ವಾಪಸ್ ಹೋದರು ಎಂಬ ಸುದ್ದಿಯೇ ಮುಟ್ಟುವುದಿಲ್ಲ. ಆ್ಯಪ್ ಹಾಕಿಕೊಂಡು ಅದು ಕೆಟ್ಟರೆ ಜನ ಬೈದು ಒಂದು ಸ್ಟಾರ್ ಕೊಡುತ್ತಾರೆ, ತಪ್ಪು ತಿಳಿಯುತ್ತದೆ. ಹಾಕಿಕೊಳ್ಳಲೇ ಆಗದವರು ದೂರುವುದಾದರೂ ಎಲ್ಲಿ?

ಇದರ ಒಳಗುಟ್ಟು ಹೀಗಿದೆ. ಪ್ರತಿ ಆಂಡ್ರಾಯ್ಡ್ ಆ್ಯಪ್ ಜೊತೆ ಮ್ಯಾನಿಫೆಸ್ಟ್ ಎಂಬ ಒಂದು ಕಡತ ಇರುತ್ತದೆ. 2009ರಲ್ಲಿ ಬಂದ ಆಂಡ್ರಾಯ್ಡ್ 1.6ರಿಂದ ಅದರಲ್ಲಿ ‘ಯೂಸಸ್-ಫೀಚರ್’ ಎಂಬ ಸಾಲು ಬರೆದು, ಈ ಆ್ಯಪ್ ಇಂಥ ಸಾಧನವನ್ನು ಬಳಸುತ್ತದೆ ಎಂದು ಘೋಷಿಸಬಹುದು. ಅದೇ ಸಾಲಿನಲ್ಲಿ ‘ರಿಕ್ವೈರ್ಡ್’ ಎಂಬ ಇನ್ನೊಂದು ಪದವಿದೆ. ಅದಕ್ಕೆ ‘ಫಾಲ್ಸ್’ ಎಂದು ಕೊಟ್ಟರೆ ಸಾಧನ ಐಚ್ಛಿಕ. ಏನೂ ಬರೆಯದೆ ಬಿಟ್ಟರೆ ಕಡ್ಡಾಯ. ಪ್ಲೇ ಸ್ಟೋರ್ ಆ್ಯಪ್‌ನ ಪಟ್ಟಿಯನ್ನೂ ಫೋನಿನ ಪಟ್ಟಿಯನ್ನೂ ತಾಳೆ ನೋಡುತ್ತದೆ. ಕಡ್ಡಾಯವಾದದ್ದು ಫೋನಿನಲ್ಲಿ ಇಲ್ಲದಿದ್ದರೆ ಹುಡುಕಾಟದಲ್ಲಿ ಆ ಆ್ಯಪ್‌ನ ಹೆಸರೇ ಕಾಣಿಸುವುದಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಎಷ್ಟೋ ಜನ ಎಡವುವುದು ಅಲ್ಲೇ. ಯೂಸಸ್-ಫೀಚರ್ ಸಾಲನ್ನು ಬರೆಯದೇ ಇದ್ದರೂ ಕೆಲವು ಅನುಮತಿಗಳನ್ನು ಕೇಳಿದ ಮಾತ್ರಕ್ಕೆ ಪ್ಲೇ ಸ್ಟೋರ್ ತಾನೇ ಒಂದು ಕಡ್ಡಾಯ ಹೊರಿಸುತ್ತದೆ. ಕ್ಯಾಮೆರಾ ಬಳಸಲು ಅನುಮತಿ ಕೇಳಿದರೆ ಹಿಂಬದಿ ಕ್ಯಾಮೆರಾ ಇರಲೇಬೇಕು, ಅದಕ್ಕೆ ಆಟೊಫೋಕಸ್ಸೂ ಇರಲೇಬೇಕು ಎಂದು ಅದು ಭಾವಿಸುತ್ತದೆ. ಧ್ವನಿ ಮುದ್ರಿಸುವ ಅನುಮತಿಯಿಂದ ಮೈಕ್ ಕಡ್ಡಾಯವಾಗುತ್ತದೆ. ನೇರವಾಗಿ ಕರೆ ಮಾಡುವ ಅನುಮತಿಯಿಂದ ಸಿಮ್ ಹಾಕುವ ಫೋನೇ ಕಡ್ಡಾಯವಾಗುತ್ತದೆ. ಕೃಷಿ ಮಾಹಿತಿಯ ಆ್ಯಪ್‌ನಲ್ಲಿ ಮೂಲೆಯಲ್ಲೊಂದು ‘ರೈತ ಸಂಪರ್ಕ ಕೇಂದ್ರಕ್ಕೆ ಕರೆ ಮಾಡಿ’ ಎಂಬ ಗುಂಡಿ ಇಟ್ಟು, ಅದಕ್ಕಾಗಿ ಅನುಮತಿ ಕೇಳಿದರೆಂದುಕೊಳ್ಳಿ. ವೈಫೈ ಟ್ಯಾಬ್ಲೆಟ್‌ನಲ್ಲಿ ಓದುತ್ತಿರುವ ಹುಡುಗಿಗೆ ಆ ಒಂದು ಗುಂಡಿಯ ಸಲುವಾಗಿ ಇಡೀ ಆ್ಯಪ್ ತಪ್ಪಿಹೋಗುತ್ತದೆ. ನಂಬರನ್ನು ಪರದೆಯ ಮೇಲೆ ತೋರಿಸಿದ್ದರೆ ಸಾಕಿತ್ತು.

ಇದು ಊಹೆಯ ಮಾತಲ್ಲ. 2012ರಲ್ಲಿ ಗೂಗಲ್ ತಾನೇ ಮಾರಿದ ನೆಕ್ಸಸ್ 7 ಟ್ಯಾಬ್ಲೆಟ್‌ನಲ್ಲಿ ಮುಂಬದಿಯ ಕ್ಯಾಮೆರಾ ಒಂದೇ ಇತ್ತು, ಹಿಂಬದಿಯದು ಇರಲಿಲ್ಲ. ಹಿಂಬದಿ ಕ್ಯಾಮೆರಾ ಕಡ್ಡಾಯ ಎಂದಿದ್ದ ಆ್ಯಪ್‌ಗಳು ಅದರಲ್ಲಿ ಸಿಗಲಿಲ್ಲ. ಅವುಗಳ ಪೈಕಿ ಮುಖ ತೋರಿಸಿ ಮಾತಾಡಲು ಮುಂಬದಿ ಕ್ಯಾಮೆರಾ ಸಾಕಾಗುವಂಥವೂ ಇದ್ದವು. ಅದೇ ವರ್ಷ ಆಂಡ್ರಾಯ್ಡ್ 4.2ರಲ್ಲಿ ‘ಯಾವುದಾದರೂ ಒಂದು ಕ್ಯಾಮೆರಾ ಇದ್ದರೆ ಸಾಕು’ ಎನ್ನುವ ಹೊಸ ಗುರುತು ಸೇರಿಸಿದರು. ಐಫೋನಿನ ಲೋಕದಲ್ಲೂ ಇಂಥ ಪಟ್ಟಿ ಇದೆ. ಅಲ್ಲಿನ ನಿಯಮ ಹೆಚ್ಚು ಬಿಗಿ: ಒಮ್ಮೆ ಬಿಡುಗಡೆಯಾದ ಆ್ಯಪ್‌ನ ಮುಂದಿನ ಆವೃತ್ತಿಯಲ್ಲಿ ಹೊಸ ಕಡ್ಡಾಯಗಳನ್ನು ಸೇರಿಸುವಂತಿಲ್ಲ, ಇದ್ದವನ್ನು ಸಡಿಲಿಸಬಹುದು ಅಷ್ಟೇ. ಹಾಕಿಕೊಂಡವರನ್ನು ನಡುದಾರಿಯಲ್ಲಿ ಕೈಬಿಡಬಾರದೆಂಬ ಈ ನಿಯಮ ಒಳ್ಳೆಯದು.

ಹಾಗಾದರೆ ಸರಿಯಾದ ಕ್ರಮ ಯಾವುದು? ಮ್ಯಾನಿಫೆಸ್ಟ್‌ನಲ್ಲಿ ‘ಇದ್ದರೆ ಬಳಸುತ್ತದೆ, ಇಲ್ಲದಿದ್ದರೂ ನಡೆಯುತ್ತದೆ’ ಎಂದು ಬರೆಯುವುದು ಮೊದಲ ಅರ್ಧ. ಆ್ಯಪ್ ಓಡುತ್ತಿರುವಾಗ, ಆ ಸಾಧನ ಬೇಕಾದ ಗಳಿಗೆಯಲ್ಲಿ ಫೋನನ್ನೇ ಕೇಳುವುದು ಉಳಿದರ್ಧ. ಆಂಡ್ರಾಯ್ಡ್‌ನಲ್ಲಿ ಪ್ಯಾಕೇಜ್ ಮ್ಯಾನೇಜರ್‌ಗೆ ‘ಹ್ಯಾಸ್ ಸಿಸ್ಟಮ್ ಫೀಚರ್’ ಎಂದು ಕೇಳಿದರೆ ಹೌದು ಅಥವಾ ಇಲ್ಲ ಎಂಬ ಉತ್ತರ ಬರುತ್ತದೆ. ದಿಕ್ಸೂಚಿ, ಗೈರೊಸ್ಕೋಪ್‌ನಂಥ ಸೆನ್ಸರ್‌ಗಳನ್ನು ಸೆನ್ಸರ್ ಮ್ಯಾನೇಜರ್ ಬಳಿ ಕೇಳಬೇಕು. ಇಲ್ಲದಿದ್ದರೆ ಅದು ‘ನಲ್’ ಎಂದು ಬರಿಗೈ ತೋರಿಸುತ್ತದೆ. ಆ ಬರಿಗೈಯನ್ನು ನೋಡದೆ ಮುಂದುವರಿದ ಆ್ಯಪ್ ಅಲ್ಲೇ ಕುಸಿಯುತ್ತದೆ. ಮೊದಲರ್ಧ ಮಾಡಿ ಎರಡನೆಯದನ್ನು ಮರೆಯುವವರೂ ಇದ್ದಾರೆ. ಅವರ ಆ್ಯಪ್ ಎಲ್ಲರ ಫೋನಿಗೂ ಬರುತ್ತದೆ, ಕೆಲವರ ಫೋನಿನಲ್ಲಿ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತದೆ. ಕಡಿಮೆ ಬೆಲೆಯ ಫೋನುಗಳಲ್ಲಿ ಗೈರೊಸ್ಕೋಪ್, ದಿಕ್ಸೂಚಿ, ಎನ್‌ಎಫ್‌ಸಿ ಇವುಗಳನ್ನೇ ಮೊದಲು ಕೈಬಿಡುತ್ತಾರೆ. ಖರ್ಚು ಉಳಿಸಲು ತಯಾರಕರು ಮಾಡುವ ಆಯ್ಕೆ ಅದು. ದುಡಿಯುವ ಜನ ಕೊಳ್ಳುವುದು ಆ ಫೋನುಗಳನ್ನೇ.

ಜಿಪಿಎಸ್ ವಿಚಾರಕ್ಕೆ ಬಂದರೆ ಲೆಕ್ಕ ಇನ್ನಷ್ಟು ನಾಜೂಕು. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ ಸುಮಾರು 10 ಮೀಟರ್ ಚೌಕ. ಅಂಥ 40 ಗುಂಟೆ ಸೇರಿದರೆ ಒಂದು ಎಕರೆ. ಬಯಲಲ್ಲಿ ನಿಂತ ಸ್ಮಾರ್ಟ್‌ಫೋನಿನ ಜಿಪಿಎಸ್ ಸಾಮಾನ್ಯವಾಗಿ 5 ಮೀಟರ್ ಸುತ್ತಿನೊಳಗೆ ಜಾಗ ಹೇಳುತ್ತದೆ. ಎಕರೆಗಟ್ಟಲೆ ಹೊಲದ ನಡುವೆ ನಿಂತರೆ ಅಷ್ಟು ಸಾಕು. ಅಣ್ಣತಮ್ಮಂದಿರಲ್ಲಿ ಪಾಲಾಗಿ ಉದ್ದನೆಯ ಪಟ್ಟಿಯಾಗಿರುವ ಹಿಸ್ಸಾದ ಬದುವಿನ ಮೇಲೆ ನಿಂತರೆ ಆ 5 ಮೀಟರ್ ಮಗ್ಗಲವರ ಹೊಲಕ್ಕೆ ದಾಟಿಬಿಡಬಹುದು. ಇನ್ನು ಜಿಪಿಎಸ್ ಚಿಪ್ಪೇ ಇಲ್ಲದ ವೈಫೈ ಟ್ಯಾಬ್ಲೆಟ್‌ಗಳೂ ಉಂಟು. ಅವೂ ‘ಲೊಕೇಶನ್ ಇದೆ’ ಎಂದೇ ಉತ್ತರಿಸುತ್ತವೆ, ಯಾಕೆಂದರೆ ಸುತ್ತಲಿನ ವೈಫೈ ನೋಡಿ ಅವು ಜಾಗ ಅಂದಾಜು ಮಾಡುತ್ತವೆ. ಸಿಮ್ ಇರುವ ಸಾಧನ ಟವರ್ ನೋಡಿಯೂ ಅಂದಾಜು ಮಾಡುತ್ತದೆ. ಹಳ್ಳಿಯ ಕಡೆ ಟವರ್ ಅಂದಾಜು ಕಿಲೋಮೀಟರ್‌ಗಟ್ಟಲೆ ತಪ್ಪಬಹುದು. ಬ್ಯಾಡಗಿ ತಾಲ್ಲೂಕಿನ ಹೊಲ ಪಕ್ಕದ ಊರಿನ ಸರ್ವೆ ನಂಬರಿಗೆ ಹೋಗಿ ಕೂರಬಹುದು.

ಅದಕ್ಕೇ ಆಂಡ್ರಾಯ್ಡ್‌ನಲ್ಲಿ ‘ಲೊಕೇಶನ್’ ಎಂಬ ಗುರುತೇ ಬೇರೆ, ‘ಲೊಕೇಶನ್ ಜಿಪಿಎಸ್’ ಎಂಬ ಗುರುತೇ ಬೇರೆ. ಹಿಂದೆ ನಿಖರ ಜಾಗದ ಅನುಮತಿ ಕೇಳಿದರೆ ಪ್ಲೇ ಸ್ಟೋರ್ ಜಿಪಿಎಸ್ಸನ್ನೂ ಕಡ್ಡಾಯ ಎಂದುಕೊಳ್ಳುತ್ತಿತ್ತು. ಆಂಡ್ರಾಯ್ಡ್ 5.0 ಮತ್ತು ಅದಕ್ಕಿಂತ ಹೊಸ ಆವೃತ್ತಿಗೆಂದು ಬರೆದ ಆ್ಯಪ್‌ಗಳಿಗೆ ಅದು ಹಾಗೆ ಭಾವಿಸುವುದಿಲ್ಲ. ಜಿಪಿಎಸ್ ನಿಜವಾಗಿ ಬೇಕಿದ್ದರೆ ಬರೆಯುವವನೇ ಬಾಯಿಬಿಟ್ಟು ಹೇಳಬೇಕು. ಕ್ಯಾಮೆರಾದ ವಿಷಯದಲ್ಲಿ ಬೇಡದ ಕಡ್ಡಾಯ ಬಂದು ಸೇರಿಕೊಂಡರೆ, ಇಲ್ಲಿ ಬೇಕಾದ ಕಡ್ಡಾಯ ಜಾರಿಹೋಗುತ್ತದೆ. ಜೊತೆಗೆ ಪ್ರತಿ ಸಲ ಜಾಗ ಹೇಳುವಾಗ ಫೋನು ಒಂದು ವೃತ್ತದ ಅಳತೆಯನ್ನೂ ಕೊಡುತ್ತದೆ. ನಿಜವಾದ ಜಾಗ ಆ ವೃತ್ತದೊಳಗೆ ಇರುವ ಸಾಧ್ಯತೆ ನೂರಕ್ಕೆ 68ರಷ್ಟು. ಹೊಲ ಗುರುತಿಸುವ ಆ್ಯಪ್ ಈ ಅಳತೆಯನ್ನು ಪರದೆಯ ಮೇಲೆ ರೈತನಿಗೆ ತೋರಿಸಬೇಕು: ‘ಈಗ 40 ಮೀಟರ್ ವ್ಯತ್ಯಾಸ ಇದೆ, ಮರದ ನೆರಳಿನಿಂದ ಹೊರಗೆ ಬಂದು ಸ್ವಲ್ಪ ತಡೆಯಿರಿ’ ಎಂದರೆ ಓದಿದವರಿಗೂ ಓದದವರಿಗೂ ಅರ್ಥವಾಗುತ್ತದೆ.

ತಡೆಯಿರಿ ಎನ್ನುವುದಕ್ಕೂ ಕಾರಣವಿದೆ. ನೆಟ್‌ವರ್ಕ್ ಇದ್ದಾಗ ಉಪಗ್ರಹಗಳು ಎಲ್ಲಿವೆ ಎಂಬ ಮಾಹಿತಿಯನ್ನು ಫೋನು ಇಂಟರ್‌ನೆಟ್‌ನಿಂದ ಬೇಗ ತರಿಸಿಕೊಳ್ಳುತ್ತದೆ. ನೆಟ್‌ವರ್ಕ್ ಇಲ್ಲದ ಹೊಲದಲ್ಲಿ ಅದನ್ನು ಉಪಗ್ರಹದಿಂದಲೇ ಕೇಳಿ ತಿಳಿಯಬೇಕು. ಜಿಪಿಎಸ್ ಉಪಗ್ರಹ ತನ್ನ ಪಥದ ವಿವರವನ್ನು 30 ಸೆಕೆಂಡಿಗೊಮ್ಮೆ ಸಾರುತ್ತದೆ, ಎಲ್ಲ ಉಪಗ್ರಹಗಳ ಪೂರ್ತಿ ಪಟ್ಟಿ ಬಂದು ಮುಗಿಯಲು ಹನ್ನೆರಡೂವರೆ ನಿಮಿಷ ಬೇಕು. ಹತ್ತು ಸೆಕೆಂಡ್ ಕಾದು ‘ಜಿಪಿಎಸ್ ಇಲ್ಲ’ ಎಂದು ಕೈಚೆಲ್ಲುವ ಆ್ಯಪ್, ಇರುವ ಸಾಧನವನ್ನೇ ಇಲ್ಲವೆಂದು ಸುಳ್ಳು ಹೇಳಿದಂತೆ.

ಇಲ್ಲಿ ‘ಇದೆ’ ಎನ್ನುವುದಕ್ಕೆ ಎಷ್ಟು ಅರ್ಥಗಳಿವೆ ನೋಡಬೇಕು. ಸಾಧನ ಫೋನಿನಲ್ಲಿ ಇದೆಯೇ? ಇದ್ದರೆ ಚಾಲೂ ಆಗಿದೆಯೇ? ಚಾಲೂ ಇದ್ದರೆ ಬಳಸಲು ಮಾಲೀಕ ಒಪ್ಪಿದ್ದಾನೆಯೇ? ಒಪ್ಪಿದ್ದರೂ ಈ ಹೊತ್ತಿಗೆ ಕೆಲಸ ಮಾಡುತ್ತಿದೆಯೇ? ನಾಲ್ಕಕ್ಕೂ ಬೇರೆ ಬೇರೆ ಪರಿಹಾರ. ಲೊಕೇಶನ್ ಆಫ್ ಆಗಿದ್ದರೆ ಆನ್ ಮಾಡಿ ಎನ್ನಬಹುದು. ಅನುಮತಿ ಕೊಟ್ಟಿಲ್ಲದಿದ್ದರೆ ಯಾಕೆ ಬೇಕೆಂದು ವಿವರಿಸಬಹುದು. ಚಿಪ್ಪೇ ಇಲ್ಲದವರಿಗೆ ‘ಸೆಟ್ಟಿಂಗ್ಸ್‌ಗೆ ಹೋಗಿ ಆನ್ ಮಾಡಿ’ ಎಂದು ಹೇಳುವುದು ಹಿಂಸೆ. ಬೆರಳಚ್ಚಿನ ವಿಷಯದಲ್ಲಿ ಆಂಡ್ರಾಯ್ಡ್ ಈ ಭೇದವನ್ನು ಚೆನ್ನಾಗಿ ಮಾಡಿದೆ: ಸಾಧನವೇ ಇಲ್ಲ, ಸಾಧನ ಸದ್ಯಕ್ಕೆ ಸಿಗುತ್ತಿಲ್ಲ, ಸಾಧನ ಇದೆ ಆದರೆ ಯಾವ ಬೆರಳನ್ನೂ ದಾಖಲಿಸಿಲ್ಲ ಎಂದು ಬೇರೆ ಬೇರೆ ಉತ್ತರ ಕೊಡುತ್ತದೆ. ಬ್ಯಾಡಗಿಯಲ್ಲಿ ದಿನವಿಡೀ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿದ್ದಾರೆ. ದುಡಿದು ಸವೆದ ಬೆರಳನ್ನು ಸಾಧನ ಓದದೇ ಹೋಗಬಹುದು. ಅದಕ್ಕೆ ಯಾವ ಸಂಕೇತವೂ ಬರುವುದಿಲ್ಲ, ಇನ್ನೊಂದು ದಾರಿ ಇರಬೇಕು ಅಷ್ಟೇ. ಪಿಎಂ-ಕಿಸಾನ್ ಆ್ಯಪ್‌ನಲ್ಲಿ 2023ರ ಜೂನ್‌ನಲ್ಲಿ ಒಟಿಪಿ, ಬೆರಳಚ್ಚು ಇಲ್ಲದೆ ಮುಖ ತೋರಿಸಿ ಇ-ಕೆವೈಸಿ ಮಾಡುವ ಸೌಲಭ್ಯ ತಂದದ್ದು ಈ ಕಾರಣಕ್ಕೆ ಮೆಚ್ಚತಕ್ಕ ಕೆಲಸ.

ಆಟೊಫೋಕಸ್ ಕಥೆಯನ್ನು ಮೆಣಸಿನ ಹೊಲದಲ್ಲೇ ನೋಡಬಹುದು. 2021-22ರಲ್ಲಿ ಕರ್ನಾಟಕ, ಆಂಧ್ರ, ತೆಲಂಗಾಣದ ಮೆಣಸಿನ ಬೆಳೆಗೆ ಕಪ್ಪು ಥ್ರಿಪ್ಸ್ ಬಿದ್ದು ಭಾರೀ ನಷ್ಟವಾಯಿತು. ವಿಜ್ಞಾನಿಗಳು ಅದನ್ನು ಥ್ರಿಪ್ಸ್ ಪಾರ್ವಿಸ್ಪೈನಸ್ ಎಂದು ಕರೆಯುತ್ತಾರೆ. ಹೂವಿನೊಳಗೆ ಸೇರಿಕೊಳ್ಳುವ ಈ ನುಶಿಯ ಉದ್ದ ಸುಮಾರು ಒಂದು ಮಿಲಿಮೀಟರ್. ಹೂವಿನ ಎಸಳನ್ನು ಬೆರಳಿನಿಂದ ಬಿಡಿಸಿ, ಫೋನನ್ನು ಗೇಣಿಗಿಂತ ಹತ್ತಿರ ತಂದರೆ ಮಾತ್ರ ಅದು ಫೋಟೊದಲ್ಲಿ ಚುಕ್ಕೆಯಷ್ಟಾದರೂ ಕಾಣುತ್ತದೆ. ಆಟೊಫೋಕಸ್ ಇಲ್ಲದ ಕ್ಯಾಮೆರಾದ ಮಸೂರ ಒಂದೇ ದೂರಕ್ಕೆ ಹೊಂದಿಸಿಟ್ಟದ್ದು. ಅಷ್ಟು ಹತ್ತಿರ ಹೋದರೆ ಎಸಳು, ಕೇಸರ, ನುಶಿ ಎಲ್ಲ ಒಂದೇ ಬಿಳಿ ಮಬ್ಬು. ಫೋಟೊ ನೋಡಿ ರೋಗ ಹೇಳುವ ಆ್ಯಪ್‌ಗೆ ಅಂಥ ಚಿತ್ರ ಕೊಟ್ಟರೆ ತಪ್ಪು ಔಷಧಿಯ ಹೆಸರು ಬಂದೀತು. ಹಾಗೆಂದು ಆಟೊಫೋಕಸ್ ಕಡ್ಡಾಯ ಎಂದು ಬರೆದು ಇಡೀ ಆ್ಯಪನ್ನೇ ತಡೆಯಬೇಕೇ? ಎಲೆ ಮುರುಟು ರೋಗದ ಗಿಡವನ್ನು ಮಾರು ದೂರದಿಂದಲೂ ತೆಗೆಯಬಹುದು, ಅದಕ್ಕೆ ಸಾದಾ ಕ್ಯಾಮೆರಾ ಸಾಕು. ಆ್ಯಪ್ ಒಳಗೇ ಕೇಳಿ ತಿಳಿದು, ಆಟೊಫೋಕಸ್ ಇದ್ದವರಿಗೆ ಹೂವಿನ ಫೋಟೊ ಕೇಳಲಿ. ಇಲ್ಲದವರಿಗೆ ‘ಬಿಳಿ ಹಾಳೆಯ ಮೇಲೆ ಹೂವನ್ನು ಕೊಡವಿ, ಕಪ್ಪು ಹುಳ ಎಷ್ಟು ಬಿದ್ದವು ಹೇಳಿ’ ಎಂದು ಕೇಳಲಿ. ಕೀಟಶಾಸ್ತ್ರ ಓದಿದವರು ಹೊಲದಲ್ಲಿ ನುಶಿ ಎಣಿಸಲು ಬಳಸುವ ಹಳೆಯ ಪದ್ಧತಿಯೂ ಅದೇ.

ಪರ್ಯಾಯ ಕೊಡುವುದೆಂದರೆ ನಿಯಮ ಸಡಿಲಿಸುವುದಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಬೆಳೆ ಸಮೀಕ್ಷೆಯಲ್ಲಿ ಕ್ಯಾಮೆರಾ ಇಲ್ಲದವರು ಗ್ಯಾಲರಿಯ ಹಳೆಯ ಫೋಟೊ ಹಾಕಲಿ ಎನ್ನಲಾಗದು, ಹಾಗೆ ಮಾಡಿದರೆ ಸಮೀಕ್ಷೆಗೆ ಅರ್ಥವಿಲ್ಲ. ಯುಪಿಐ ಆ್ಯಪ್ ಮೊದಲ ಸಲ ತೆರೆದಾಗ ಬ್ಯಾಂಕಿಗೆ ಜೋಡಿಸಿದ ಸಿಮ್‌ನಿಂದಲೇ ಎಸ್‌ಎಂಎಸ್ ಹೋಗಬೇಕು, ಸಿಮ್ ಇಲ್ಲದ ಟ್ಯಾಬ್ಲೆಟ್‌ಗೆ ಆ ಸೌಲಭ್ಯ ಕೊಡಲು ಬರುವುದಿಲ್ಲ. ಕಡ್ಡಾಯ ನಿಜವಾಗಿಯೂ ಕಡ್ಡಾಯವಾಗಿರುವಲ್ಲಿ ಮೊದಲ ಪರದೆಯಲ್ಲೇ ಕನ್ನಡದಲ್ಲಿ ಸ್ಪಷ್ಟವಾಗಿ ಹೇಳುವುದು ಗೌರವದ ದಾರಿ. ಅದೇ ಯುಪಿಐಯಲ್ಲಿ ಸ್ಮಾರ್ಟ್‌ಫೋನೇ ಇಲ್ಲದವರಿಗೆಂದು 2022ರ ಮಾರ್ಚ್ 8ರಂದು 123ಪೇ ಬಂತು. ಸಾದಾ ಕೀಪ್ಯಾಡ್ ಫೋನಿನಿಂದ ಕರೆ ಮಾಡಿ ಹಣ ಕಳಿಸಬಹುದು. ಭದ್ರತೆ ಹಾಗೇ ಉಳಿಯಿತು, ದಾರಿ ಇನ್ನೊಂದಾಯಿತು.

ಬೆಳೆ ಸಮೀಕ್ಷೆಯ ಪರ್ಯಾಯ ಇನ್ನೂ ಸೊಗಸು, ಯಾಕೆಂದರೆ ಅದು ಆ್ಯಪ್‌ನ ಹೊರಗಿದೆ. ತಾನೇ ಫೋಟೊ ತೆಗೆಯಲಾಗದ ರೈತನ ಹೊಲಕ್ಕೆ ಊರಿನ ಖಾಸಗಿ ನಿವಾಸಿ ಹೋಗಿ ಸಮೀಕ್ಷೆ ಮಾಡುತ್ತಾನೆ. ಜನ ಅವನನ್ನು ಪಿಆರ್ ಎಂದೇ ಕರೆಯುತ್ತಾರೆ. ದಾಖಲಾದದ್ದು ತಪ್ಪಿದ್ದರೆ ‘ಬೆಳೆ ದರ್ಶಕ’ ಆ್ಯಪ್‌ನಲ್ಲಿ ಫೋಟೊ ನೋಡಿ ಆಕ್ಷೇಪಣೆ ಸಲ್ಲಿಸಬಹುದು. ತಂತ್ರಜ್ಞರು ಕೋಡ್‌ನಲ್ಲಿ ಮಾತ್ರ ಪರ್ಯಾಯ ಹುಡುಕುತ್ತಾರೆ. ಇಲ್ಲಿ ಮನುಷ್ಯನೇ ಪರ್ಯಾಯ. ಇದಕ್ಕೆ ಹೋಲಿಸಿದರೆ ನರೇಗಾ ಕೆಲಸದ ಹಾಜರಿಗೆಂದು 2021ರ ಮೇ ತಿಂಗಳಲ್ಲಿ ಬಂದ ಎನ್‌ಎಂಎಂಎಸ್ ಆ್ಯಪ್‌ನ ಅನುಭವ ಕಹಿ. ವೈಯಕ್ತಿಕ ಕಾಮಗಾರಿಗಳನ್ನು ಬಿಟ್ಟು ಉಳಿದೆಲ್ಲ ಕಡೆ 2023ರ ಜನವರಿ 1ರಿಂದ ಅದು ಕಡ್ಡಾಯವಾಯಿತು. ಗುಂಪಿನ ಮುಂದಾಳಾದ ಕಾಯಕ ಬಂಧು ದಿನಕ್ಕೆ ಎರಡು ಸಲ ಕೂಲಿಕಾರರ ಫೋಟೊವನ್ನು ಸ್ಥಳದ ಗುರುತಿನೊಂದಿಗೆ ಕಳಿಸಬೇಕಾಯಿತು. ಫೋನು ಅವಳದ್ದು, ಬ್ಯಾಟರಿ ಅವಳದ್ದು, ಡೇಟಾ ಅವಳದ್ದು. ಆ ಫೋನು ಕೈಕೊಟ್ಟ ದಿನ ಅಪಾಯಕ್ಕೆ ಬೀಳುವುದು ಗುಂಪಿನವರೆಲ್ಲರ ಕೂಲಿ. ಸಾಧನದ ಪರೀಕ್ಷೆ ಎಂಬ ತಾಂತ್ರಿಕ ಮಾತು ಇಲ್ಲಿ ಕೂಲಿಯ ಮಾತಾಗುತ್ತದೆ.

ಪರ್ಯಾಯದ ಮಾತು ಮಾರುಕಟ್ಟೆಗೂ ಒಪ್ಪುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಸೋಮವಾರ ಮತ್ತು ಗುರುವಾರ ಟೆಂಡರ್. ಬಳ್ಳಾರಿ, ರಾಯಚೂರು, ಕರ್ನೂಲಿನಿಂದ ರಾತ್ರಿಯೆಲ್ಲ ಲಾರಿಗಳು ಬಂದು, ಬೆಳಗಾಗುವಷ್ಟರಲ್ಲಿ ದಲಾಲಿ ಅಂಗಡಿಗಳ ಮುಂದೆ ಚೀಲಗಳ ಸಾಲು ನಿಂತಿರುತ್ತದೆ. ಪ್ರತಿ ರಾಶಿಗೂ ಒಂದು ಲಾಟ್ ನಂಬರ್. ಧಾರಣೆ ನೋಡುವ ಆ್ಯಪ್ ಒಂದನ್ನು ಇಲ್ಲಿಯ ಹುಡುಗರು ಬರೆಯುವುದಾದರೆ ಆ ನಂಬರಿನ ಚೀಟಿಯನ್ನು ಕ್ಯಾಮೆರಾದಿಂದ ಓದಿಸುವ ಸೌಲಭ್ಯ ಇಡಲಿ, ಚೆಂದವೇ. ಕೆಳಗೆ ಅಂಕಿ ಒತ್ತುವ ಒಂದು ಖಾನೆಯೂ ಇರಲಿ. ಖಾರದ ಧೂಳು ಕೂತ, ಗಾಜು ಒಡೆದ ಕ್ಯಾಮೆರಾಗಳು ಆ ಪ್ರಾಂಗಣದಲ್ಲಿ ಅಪರೂಪವಲ್ಲ. ಫೋನನ್ನು ಕೇಳಿದರೆ ‘ಕ್ಯಾಮೆರಾ ಇದೆ’ ಎಂದೇ ಹೇಳುತ್ತದೆ.

ಕನ್ನಡಿಗರಿಗೆ ಈ ವಿಷಯ ಹೊಸದಾಗಬೇಕಿಲ್ಲ. ಆಂಡ್ರಾಯ್ಡ್‌ನಲ್ಲಿ ಕನ್ನಡ ಅಕ್ಷರಗಳಿಗೆ ಬೆಂಬಲ ಬಂದದ್ದು 2012ರ 4.1ನೇ ಆವೃತ್ತಿಯಲ್ಲಿ, ತೆಲುಗು ಮಲಯಾಳಗಳ ಜೊತೆ. ಅದಕ್ಕೆ ಮುಂಚೆ ಎಷ್ಟೋ ಫೋನುಗಳಲ್ಲಿ ಕನ್ನಡದ ಸುದ್ದಿ ತೆರೆದರೆ ಸಾಲು ಸಾಲು ಖಾಲಿ ಚೌಕಗಳು. ಅಕ್ಷರವಿನ್ಯಾಸ ಯಂತ್ರಾಂಶವಲ್ಲ ನಿಜ, ಪ್ರಶ್ನೆ ಮಾತ್ರ ಅದೇ. ಈ ಫೋನಿಗೆ ಕನ್ನಡ ಬರುತ್ತದೆಯೇ ಎಂದು ಕೇಳದೆ ಬರೆದ ಆ್ಯಪ್‌ಗಳು ಚೌಕ ತೋರಿಸಿದವು. ಕೇಳಿ ಬರೆದವರು ಪಠ್ಯವನ್ನು ಚಿತ್ರವಾಗಿ ಕಳಿಸಿ ಓದಿಸಿದರು. 2015ರ ಆಂಡ್ರಾಯ್ಡ್ 6.0ರಲ್ಲಿ ಒಂದು ಅಕ್ಷರವನ್ನು ಈ ಫೋನು ಬಿಡಿಸಬಲ್ಲುದೇ ಎಂದು ಕೇಳುವ ಸೂತ್ರವೂ ಬಂತು. ಕನ್ನಡವನ್ನು ಓದಿ ಹೇಳುವ ಧ್ವನಿ ಇದೆಯೇ ಎಂದು ಇಂದಿಗೂ ಕೇಳಿಯೇ ಮುಂದೆ ಹೋಗಬೇಕು. ಕೇಳದ ಆ್ಯಪ್ ಓದುಬಾರದ ಅಜ್ಜಿಯ ಮುಂದೆ ಮೌನವಾಗಿ ಕೂರುತ್ತದೆ.

ಪರೀಕ್ಷಿಸಲು ದೊಡ್ಡ ಖರ್ಚೇನೂ ಬೇಡ. ಆಂಡ್ರಾಯ್ಡ್ ಸ್ಟುಡಿಯೊದ ಎಮ್ಯುಲೇಟರ್‌ನಲ್ಲಿ ಕ್ಯಾಮೆರಾ, ಜಿಪಿಎಸ್, ಗೈರೊಸ್ಕೋಪ್‌ಗಳನ್ನು ಒಂದೊಂದಾಗಿ ತೆಗೆದುಹಾಕಿ ಆ್ಯಪ್ ಓಡಿಸಿ ನೋಡಬಹುದು. ಹಾವೇರಿ ಬಳಿಯ ದೇವಗಿರಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ, ರಾಣೆಬೆನ್ನೂರಿನಲ್ಲಿ ತರಳಬಾಳು ಜಗದ್ಗುರುಗಳ ಹೆಸರಿನ ತಾಂತ್ರಿಕ ಕಾಲೇಜಿದೆ. ಅಲ್ಲಿನ ವಿದ್ಯಾರ್ಥಿಗಳು ಸೆಮಿಸ್ಟರ್ ಪ್ರಾಜೆಕ್ಟಿಗೆ ಹೊಸ ಆ್ಯಪ್ ಬರೆಯುವ ಬದಲು, ತಮ್ಮ ಊರಿನ ಜನ ದಿನನಿತ್ಯ ಬಳಸುವ ಸರ್ಕಾರಿ ಆ್ಯಪ್‌ಗಳನ್ನು ಮನೆಯಲ್ಲಿ ಬಿದ್ದಿರುವ ಹಳೆಯ ಫೋನುಗಳ ಮೇಲೆ ಓಡಿಸಿ, ಎಲ್ಲಿ ನಿಂತಿತು, ಏನು ಹೇಳಿ ನಿಂತಿತು ಎಂದು ಬರೆದು ಇಲಾಖೆಗೆ ಕೊಟ್ಟರೆ ಅದು ಹೆಚ್ಚು ಉಪಯುಕ್ತವಾದ ವರದಿ. ಆ್ಯಪ್ ಹೊರತಂದವರಿಗೂ ಒಂದು ಸುಲಭದ ಕೆಲಸವಿದೆ. ಪ್ಲೇ ಕನ್ಸೋಲ್‌ನ ಡಿವೈಸ್ ಕ್ಯಾಟಲಾಗ್‌ನಲ್ಲಿ ತಮ್ಮ ಆ್ಯಪ್ ಯಾವ ಯಾವ ಮಾದರಿಯ ಫೋನುಗಳಿಗೆ ಸಿಗುತ್ತಿಲ್ಲ ಎಂಬ ಪಟ್ಟಿ ಸಿದ್ಧವಾಗಿಯೇ ಇರುತ್ತದೆ. ಬಿಡುಗಡೆಯ ಗುಂಡಿ ಒತ್ತುವ ಮುನ್ನ ಆ ಪಟ್ಟಿ ತೆರೆದು, ಅದರಲ್ಲಿರುವ ಒಂದೊಂದು ಮಾದರಿಯನ್ನೂ ಯಾವ ಸಾಲು ಹೊರಗಿಟ್ಟಿದೆ ಎಂದು ಮ್ಯಾನಿಫೆಸ್ಟ್‌ನಲ್ಲಿ ಹುಡುಕಿ, ಆ ಸಾಲು ಬೇಕೇ ಬೇಕೇನು ಎಂದು ಮತ್ತೊಮ್ಮೆ ನೋಡಬಹುದು.